ಗುಳಿಗೆ ನುಂಗದವರ ಊರು

1987ರಲ್ಲಿ ಅಮೆರಿಕದ ಪಶ್ಚಿಮ ಅಂಚಿನ ಪೋರ್ಟ್‌ಲ್ಯಾಂಡ್‌ನಲ್ಲಿ ಡೇವಿಡ್ ಕಿಂಜಿ ಎಂಬ ಮನೋವೈದ್ಯರೂ ಅವರ ಸಂಗಡಿಗರೂ ಒಂದು ಸಣ್ಣ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ತಮ್ಮಲ್ಲಿ ಖಿನ್ನತೆಗೆ ಮದ್ದು ಪಡೆಯುತ್ತಿದ್ದ ಆಗ್ನೇಯ ಏಷ್ಯಾದ 41 ನಿರಾಶ್ರಿತರ ರಕ್ತವನ್ನು ಅವರು ತಪಾಸಣೆಗೆ ಕಳಿಸಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಮದ್ದಿನ ಸುಳಿವೇ ಇರಲಿಲ್ಲ. ತಪ್ಪದೆ ಬಂದು, ವೈದ್ಯರೆದುರು ಕೈಕಟ್ಟಿ ಕೂತು, ಚೀಟಿ ಬರೆಸಿಕೊಂಡು ಹೋದವರು ಗುಳಿಗೆ ನುಂಗಿರಲಿಲ್ಲ. ವೈದ್ಯಲೋಕಕ್ಕೆ ಇದು ಹೊಸ ಸಂಗತಿ. ಮದ್ದಿನಂಗಡಿಯ ಕೌಂಟರಿನ ಹಿಂದೆ ನಿಂತವರಿಗೆ ಇದರಲ್ಲಿ ಹೊಸತೇನೂ ಇರಲಿಲ್ಲ. ನಮ್ಮನ್ನು ಯಾರೂ ಕೇಳಿರಲಿಲ್ಲ, ಅಷ್ಟೆ.

ನಾನಾಗ ದೇಶದ ಇನ್ನೊಂದು ಅಂಚಿನಲ್ಲಿದ್ದೆ, ಮ್ಯಾಸಚೂಸೆಟ್ಸ್ ರಾಜ್ಯದ ಲೋವೆಲ್ ಪಟ್ಟಣದಲ್ಲಿ. ಉಡುಪಿ ಕಡೆಯವಳು. ಮಣಿಪಾಲದಲ್ಲಿ ಬಿ.ಫಾರ್ಮ್ ಮುಗಿಸಿ, ಕಂಪ್ಯೂಟರ್ ಕೆಲಸಕ್ಕೆಂದು ಬಂದ ಗಂಡನ ಹಿಂದೆ ಬಂದಿದ್ದೆ. ಇಲ್ಲಿನ ಪರೀಕ್ಷೆ ಪಾಸಾಗಿ ಬಿಳಿ ಕೋಟು ಹಾಕಿಕೊಳ್ಳುವ ತನಕ ನನ್ನ ಕೆಲಸವೆಂದರೆ ತಟ್ಟೆಯ ಮೇಲೆ ಗುಳಿಗೆಗಳನ್ನು ಐದೈದಾಗಿ ಸರಿಸಿ ಎಣಿಸುವುದು, ಕಿತ್ತಳೆ ಬಣ್ಣದ ಡಬ್ಬಿಗೆ ತುಂಬುವುದು, ಇಂಗ್ಲಿಷ್ ಚೀಟಿ ಅಂಟಿಸುವುದು. ಆ ಚೀಟಿಯನ್ನು ಓದಲಾರದವರೇ ನಮ್ಮ ಗಿರಾಕಿಗಳಲ್ಲಿ ಬಹಳ ಮಂದಿ.

ಅವರಲ್ಲಿ ನಿರಾಶ್ರಿತರಾಗಿ ಬಂದಿದ್ದ ಕಾಂಬೋಡಿಯಾದ ಹೆಂಗಸರು ಒಬ್ಬರೇ ಬರುತ್ತಿರಲಿಲ್ಲ. ಮುಂದೆ ಶಾಲೆಯ ಚೀಲ ಬೆನ್ನಿಗೆ ಹಾಕಿಕೊಂಡ ಹುಡುಗಿ, ಎರಡು ಹೆಜ್ಜೆ ಹಿಂದೆ ತಾಯಿ. ಹಾಗೆ ಬಂದವರೊಬ್ಬರ ಚೀಟಿಯಲ್ಲಿ ಖಿನ್ನತೆಯ ಮದ್ದು ಇಮಿಪ್ರಮಿನ್ ಇತ್ತು. ನಾನು ಹುಡುಗಿಗೆ ವಿವರಿಸಿದೆ: ರಾತ್ರಿ ಮಲಗುವಾಗ ಒಂದು, ಬಾಯಿ ಒಣಗುತ್ತದೆ, ತಟ್ಟನೆ ಎದ್ದರೆ ತಲೆ ತಿರುಗಬಹುದು, ಗುಣ ಕಾಣಲಿಕ್ಕೆ ಎರಡು ಮೂರು ವಾರ ಬೇಕು, ನಡುವೆ ಬಿಡಬಾರದು. ಅವಳು ತಾಯಿಯ ಕಡೆ ತಿರುಗಿ ಎರಡೇ ಮಾತು ಆಡಿದಳು.

"ಅಮ್ಮನಿಗೆ ಏನು ಹೇಳಿದಿ ಮಗಾ?"

"ನಿದ್ದೆಯ ಮದ್ದು ಅಂತ."

"ಅಮ್ಮನಿಗೆ ನಿದ್ದೆ ಬರುವುದಿಲ್ಲವಾ?"

"ಬರ್ತದೆ. ನಿದ್ದೆಯಲ್ಲಿ ಅಣ್ಣನನ್ನು ಕರೀತಾರೆ."

"ಅಣ್ಣ ಎಲ್ಲಿದ್ದಾನೆ?"

"ನಾನು ನೋಡಿಲ್ಲ," ಎಂದಳು. ಒಂಬತ್ತು ವರ್ಷ ಇದ್ದೀತು. ವೈದ್ಯರ ಕೋಣೆಯಲ್ಲಿ ಕೇಳಿದ್ದೆಲ್ಲವನ್ನೂ ತಾಯಿಗೆ ದಾಟಿಸಿದವಳು ಅವಳೇ. ಎಷ್ಟು ಮಕ್ಕಳಿದ್ದರು, ಯಾರು ಸತ್ತರು, ಹೇಗೆ ಸತ್ತರು, ನಿಮ್ಮ ಕಣ್ಣೆದುರೇ ಸತ್ತರೇ ಎಂಬ ಪ್ರಶ್ನೆಗಳನ್ನು ಹೆತ್ತ ತಾಯಿಗೆ ಕೇಳುವ ಕೆಲಸ ಆ ಮಗುವಿನದ್ದು. ಯಾವ ತಾಯಿ ಅದಕ್ಕೆ ನಿಜ ಹೇಳಿಯಾಳು? ಆ ಕಾಲದ ಎಷ್ಟೋ ಕಡತಗಳಲ್ಲಿ 'ರೋಗಿ ಹೆಚ್ಚೇನೂ ಹೇಳುತ್ತಿಲ್ಲ' ಎಂದು ಬರೆದಿದ್ದರೆ ಅದರ ಹಿಂದೆ ಇಂಥದೊಂದು ಮಗು ನಿಂತಿರುತ್ತದೆ ಎಂದೇ ನನ್ನ ನಂಬಿಕೆ.

ಗುಳಿಗೆ ನುಂಗದ್ದಕ್ಕೆ ಕಾರಣ ಒಂದೆರಡಲ್ಲ. ಈ ಮದ್ದುಗಳ ತೊಂದರೆ ಮೊದಲ ದಿನವೇ ಶುರು, ಗುಣ ಮಾತ್ರ ಮೂರನೇ ವಾರಕ್ಕೆ. ಇಂಗ್ಲಿಷ್ ಮದ್ದು ಉಷ್ಣ, ಪೂರ್ತಿ ಗುಳಿಗೆ ತಮ್ಮ ದೇಹಕ್ಕೆ ಜಾಸ್ತಿ ಎಂಬ ನಂಬಿಕೆ ಬೇರೆ. ಜ್ವರ ಬಿಟ್ಟ ಮೇಲೆ ಮದ್ದೂ ಬಿಡುವುದು ರೂಢಿ. ಆದರೆ ಇವೆಲ್ಲಕ್ಕಿಂತ ಹಿಂದಿನದೊಂದು ಕಾರಣವಿತ್ತು. ಅದು ನನಗೆ ಗೊತ್ತಾದದ್ದು ಪಕ್ಕದ ಕಾಂಬೋಡಿಯನ್ ಕಿರಾಣಿ ಅಂಗಡಿಯ ಯಜಮಾನಿಯಿಂದ. ಅವರ ದೇಶದಲ್ಲಿ ಖ್ಮೇರ್ ರೂಜ್ ಎಂಬ ಕಮ್ಯುನಿಸ್ಟ್ ಪಡೆಯ ಆಳ್ವಿಕೆಯಲ್ಲಿ ವೈದ್ಯರನ್ನು ಕೊಂದೋ ಹೊಲಕ್ಕೆ ಅಟ್ಟಿಯೋ ಆಗಿತ್ತು. ಆಸ್ಪತ್ರೆ ಎಂಬ ಹೆಸರಿನ ಗುಡಿಸಲುಗಳಲ್ಲಿ ಅಕ್ಷರ ಬಾರದ ಹುಡುಗ ಹುಡುಗಿಯರೇ ಡಾಕ್ಟರು. ಬೇರು, ಸೊಪ್ಪು, ಹಿಟ್ಟು ಕಲಸಿ ಉಂಡೆ ಮಾಡಿ ಎಲ್ಲ ರೋಗಕ್ಕೂ ಅದನ್ನೇ ಕೊಡುತ್ತಿದ್ದರು. ಜನ ಅದನ್ನು ಗುಟ್ಟಾಗಿ 'ಮೊಲದ ಹಿಕ್ಕೆ' ಎನ್ನುತ್ತಿದ್ದರು. ಬೇಡ ಎನ್ನುವ ಹಾಗಿರಲಿಲ್ಲ. ತೆಗೆದುಕೊಂಡಂತೆ ಮಾಡಿ, ತಲೆಬಾಗಿಸಿ ಬಂದುಬಿಡಬೇಕು. ಅಧಿಕಾರದ ಕೈ ನೀಡಿದ ಗುಳಿಗೆಯನ್ನು ಏನು ಮಾಡಬೇಕು ಎಂಬುದನ್ನು ಅವರು ಜೀವ ಉಳಿಸಿಕೊಳ್ಳಲು ಕಲಿತಿದ್ದರು. ಆ ಪಾಠ ಲೋವೆಲ್‌ಗೆ ಬಂದ ಕೂಡಲೇ ಮರೆಯಬೇಕು ಎಂದರೆ ಹೇಗೆ?

ಕಿಂಜಿಯವರ ಸಂಗಡಿಗರು ರಕ್ತದ ಫಲಿತಾಂಶವನ್ನು ರೋಗಿಗಳ ಮುಂದಿಟ್ಟು ಬಿಡಿಸಿ ಮಾತನಾಡಿದ ಮೇಲೆ ಕಾಂಬೋಡಿಯಾ ಮತ್ತು ವಿಯೆಟ್ನಾಂನವರಲ್ಲಿ ಮದ್ದು ತೆಗೆದುಕೊಳ್ಳುವುದು ಹೆಚ್ಚಿತು. ಬೈಯದೆ ಕೇಳಿದ್ದರಿಂದ ಆದ ಗುಣ ಅದು.

ಇಷ್ಟಕ್ಕೂ ಕಾಂಬೋಡಿಯಾದವರು ಲೋವೆಲ್‌ಗೆ ಏಕೆ ಬಂದರು? 1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ ಸೈನಿಕರು ನೊಮ್ ಪೆನ್ ನಗರವನ್ನು ಹಿಡಿದು, ಊರಿಗೆ ಊರನ್ನೇ ಖಾಲಿ ಮಾಡಿಸಿದರು. 1979ರ ಜನವರಿ 7ರಂದು ವಿಯೆಟ್ನಾಂ ಸೇನೆ ಅವರನ್ನು ಓಡಿಸಿತು. ಕಾಂಬೋಡಿಯಾದ ಹಿರಿಯರು ಈ ಅವಧಿಯನ್ನು ಇಂದಿಗೂ 'ಮೂರು ವರ್ಷ ಎಂಟು ತಿಂಗಳು ಇಪ್ಪತ್ತು ದಿನ' ಎಂದೇ ಎಣಿಸುತ್ತಾರೆ. ಅಷ್ಟರಲ್ಲಿ ಹಸಿವು, ರೋಗ, ದುಡಿತ, ಕೊಲೆಗಳಿಂದ ಸತ್ತವರು 15ರಿಂದ 20 ಲಕ್ಷ. ಉಳಿದವರಲ್ಲಿ ಲಕ್ಷಗಟ್ಟಲೆ ಜನ ಥಾಯ್ಲೆಂಡ್ ಗಡಿಗೆ ನಡೆದರು. 1979ರ ನವೆಂಬರಿನಲ್ಲಿ ತೆರೆದ ಖಾವ್ ಇ ಡಾಂಗ್ ಶಿಬಿರದ ಹೆಸರು ನಮ್ಮ ಗಿರಾಕಿಗಳ ಬಾಯಲ್ಲಿ ತವರೂರಿನ ಹೆಸರಿನಂತೆ ಬರುತ್ತಿತ್ತು. ಅಲ್ಲಿಂದ ಅನೇಕರು ಫಿಲಿಪ್ಪೀನ್ಸ್‌ನ ಬಟಾನ್ ಶಿಬಿರಕ್ಕೆ ಹೋಗಿ, ಇಂಗ್ಲಿಷನ್ನೂ ಅಮೆರಿಕದ ರೀತಿನೀತಿಯನ್ನೂ ಕೆಲವು ತಿಂಗಳು ಕಲಿತು ವಿಮಾನ ಹತ್ತಿದರು. 1975ರಿಂದ ಎರಡು ದಶಕಗಳಲ್ಲಿ ಹೀಗೆ ಅಮೆರಿಕಕ್ಕೆ ಬಂದ ಕಾಂಬೋಡಿಯನ್ನರು ಸುಮಾರು ಒಂದೂವರೆ ಲಕ್ಷ.

ಬಂದವರನ್ನು ಒಂದೇ ಕಡೆ ಗುಡ್ಡೆ ಹಾಕಬಾರದು, ದೇಶದ ತುಂಬ ಚದುರಿಸಬೇಕು ಎಂಬುದು ಸರ್ಕಾರದ ಆಲೋಚನೆ. ಒಂದೊಂದು ಊರಿನ ಮೇಲೂ ಹೊರೆ ಬೀಳದಿರಲಿ, ಜನ ಬೇಗ ಅಮೆರಿಕನ್ನರಾಗಲಿ ಎಂಬ ಲೆಕ್ಕ. ಕಾಂಬೋಡಿಯನ್ನರು ಆಗಲೇ ಸೇರಿಕೊಂಡಿದ್ದ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಬಿಟ್ಟು ಬೇರೆ ಊರುಗಳಿಗೆ ಅವರನ್ನು ಗುಂಪುಗುಂಪಾಗಿ ಕಳಿಸುವ ಯೋಜನೆಯೇ 1980ರ ದಶಕದ ಆರಂಭದಲ್ಲಿ ನಡೆಯಿತು. ಬಾಸ್ಟನ್ ಆ ಊರುಗಳಲ್ಲೊಂದು. ಅಕ್ಕನಿಗೆ ಒಂದು ರಾಜ್ಯ, ತಮ್ಮನಿಗೆ ಇನ್ನೊಂದು. ಎಣಿಸಿದ್ದು ಒಂದು, ಆದದ್ದು ಇನ್ನೊಂದು. ಚದುರಿಹೋದವರಲ್ಲಿ ಅನೇಕರು ಬಸ್ಸು ಹತ್ತಿ ಮತ್ತೆ ಒಟ್ಟಾದರು. ಅಧಿಕಾರಿಗಳು ಇದನ್ನೊಂದು ಸಮಸ್ಯೆ ಎಂದು ವರದಿ ಬರೆದರು. ನನ್ನನ್ನು ಕೇಳಿದರೆ ಆ ಕಾಲದಲ್ಲಿ ಅವರ ಮನಸ್ಸಿಗೆ ಸಿಕ್ಕ ಮೊದಲ ಚಿಕಿತ್ಸೆ ಅದೇ, ಅದೂ ತಾವೇ ಮಾಡಿಕೊಂಡದ್ದು.

ಬಾಸ್ಟನ್ನಿನಿಂದ ಉತ್ತರಕ್ಕೆ ಒಂದು ಗಂಟೆಯೊಳಗಿನ ಲೋವೆಲ್ ಹೀಗೆ ಕೂಡುದಾಣವಾಯಿತು. ಮೆರಿಮ್ಯಾಕ್ ನದಿಯ ಜಲಪಾತದ ಬಳಿ 1820ರ ದಶಕದಲ್ಲಿ ಹತ್ತಿ ಗಿರಣಿಗಳಿಗೆಂದೇ ಕಟ್ಟಿದ ಊರಿದು. ನದಿಯ ನೀರನ್ನು ಕಾಲುವೆಗಳಲ್ಲಿ ತಿರುಗಿಸಿ ಅದರ ಬಲದಿಂದ ಮಗ್ಗ ಓಡಿಸಿದರು. ಹಳ್ಳಿಯ ಹೆಣ್ಣುಮಕ್ಕಳು, ಆಮೇಲೆ ಐರಿಷರು, ಕೆನಡಾದ ಫ್ರೆಂಚರು, ಗ್ರೀಕರು ಇಲ್ಲಿ ನೇಯ್ದರು. ಗಿರಣಿಗಳು ದಕ್ಷಿಣಕ್ಕೆ ಹೋದ ಮೇಲೆ ಊರು ಸೊರಗಿತು, ಬಾಡಿಗೆ ಇಳಿಯಿತು. 1970ರ ದಶಕದ ಕೊನೆಗೆ ವ್ಯಾಂಗ್ ಲ್ಯಾಬೊರೇಟರೀಸ್ ಎಂಬ ಕಂಪ್ಯೂಟರ್ ಕಂಪನಿ ಇಲ್ಲಿ ತನ್ನ ಮುಖ್ಯ ಕಚೇರಿಯನ್ನು ಎಬ್ಬಿಸಿತು. ಸುತ್ತ ಎಲೆಕ್ಟ್ರಾನಿಕ್ಸ್ ಜೋಡಣೆಯ ಕಾರ್ಖಾನೆಗಳು ಹುಟ್ಟಿಕೊಂಡವು. ಕಡಿಮೆ ಬಾಡಿಗೆ, ಇಂಗ್ಲಿಷ್ ಬೇಡದ ಕೈಕೆಲಸ, ಪಕ್ಕದ ನಾರ್ತ್ ಚೆಲ್ಮ್ಸ್‌ಫರ್ಡ್‌ನಲ್ಲಿ 1980ರ ದಶಕದ ನಡುವೆ ಎದ್ದ ಬೌದ್ಧ ವಿಹಾರ, ಮೂರೂ ಸೇರಿ ಜನರನ್ನು ಎಳೆದವು. ಲಾಂಗ್ ಬೀಚ್ ಬಿಟ್ಟರೆ ದೇಶದ ಎರಡನೆಯ ದೊಡ್ಡ ಕಾಂಬೋಡಿಯನ್ ನೆಲೆ ಇದೇ ಆಯಿತು.

ಊರು ಅವರನ್ನು ಅಪ್ಪಿಕೊಂಡಿತು ಎಂದು ಬರೆದರೆ ಸುಳ್ಳಾಗುತ್ತದೆ. ಶಾಲೆಗಳು ಕಿಕ್ಕಿರಿದವು, ಕಾಂಬೋಡಿಯನ್ ಮಕ್ಕಳಿಗೆ ಅವರ ಖ್ಮೇರ್ ಭಾಷೆಯಲ್ಲಿ ಪಾಠ ಹೇಳಬೇಕೇ ಬೇಡವೇ ಎಂದು ಜಗಳ ಹತ್ತಿತು. 1987ರ ಸೆಪ್ಟೆಂಬರಿನಲ್ಲಿ 13 ವರ್ಷದ ಕಾಂಬೋಡಿಯನ್ ಹುಡುಗನೊಬ್ಬನನ್ನು 11 ವರ್ಷದ ಬಿಳಿ ಹುಡುಗ ಹೊಡೆದು ಕಾಲುವೆಗೆ ತಳ್ಳಿದ. ಹುಡುಗ ಮುಳುಗಿ ಸತ್ತ. ಆ ವಾರ ನಮ್ಮ ಅಂಗಡಿಗೆ ಯಾವ ಕಾಂಬೋಡಿಯನ್ ಮಗುವೂ ಒಂಟಿಯಾಗಿ ಬರಲಿಲ್ಲ.

ಅಷ್ಟಾದರೂ ಸರ್ಕಾರದ ಪುಸ್ತಕದಲ್ಲಿ ಇವರು ಚೆನ್ನಾಗಿ ಹೊಂದಿಕೊಂಡವರೇ. 1980ರ ನಿರಾಶ್ರಿತರ ಕಾಯ್ದೆ ಕೇಳಿದ್ದು ಆದಷ್ಟು ಬೇಗ ಸ್ವಂತ ಕಾಲ ಮೇಲೆ ನಿಲ್ಲುವುದನ್ನು. ಮೊದಲು 36 ತಿಂಗಳಿದ್ದ ವಿಶೇಷ ಧನಸಹಾಯ 1982ರಲ್ಲಿ 18 ತಿಂಗಳಿಗೆ, 1991ರ ಹೊತ್ತಿಗೆ 8 ತಿಂಗಳಿಗೆ ಇಳಿಯಿತು. ಸಂಬಳದ ಚೆಕ್ ತಂದವನು ಹೊಂದಿಕೊಂಡವನು, ಲೆಕ್ಕ ಮುಗಿಯಿತು. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ನಮ್ಮಲ್ಲಿಗೆ ಬಂದು ತಲೆನೋವಿನ ಗುಳಿಗೆಯ ದೊಡ್ಡ ಡಬ್ಬಿ ಒಯ್ಯುತ್ತಿದ್ದ ಗಂಡಸರನ್ನು ಯಾವ ಪಟ್ಟಿಯೂ ರೋಗಿ ಎನ್ನಲಿಲ್ಲ. ಎರಡು ಪಾಳಿ ದುಡಿಯುವವನಿಗೆ ಕನಸು ಬೀಳಲು ಪುರುಸೊತ್ತೆಲ್ಲಿ? 1992ರ ಆಗಸ್ಟಿನಲ್ಲಿ ವ್ಯಾಂಗ್ ದಿವಾಳಿ ಎದ್ದಿತು, ಸುತ್ತಲಿನ ಕೆಲಸಗಳೂ ಕರಗಿದವು. ಹೊಟ್ಟೆಪಾಡಿನ ಚಿಂತೆಯ ಜತೆಗೇ ನಮ್ಮ ಕೌಂಟರಿನಲ್ಲಿ ಆ ಗಂಡಸರ ಬಾಯಲ್ಲಿ ನಿದ್ದೆಯ ಮಾತು, ಎದೆ ಹೊಡೆದುಕೊಳ್ಳುವ ಮಾತು ಕೇಳಿಬರತೊಡಗಿದ್ದು ಆಮೇಲೆಯೇ.

ಇದು ನನ್ನೊಬ್ಬಳ ಅನ್ನಿಸಿಕೆಯಲ್ಲ. ಕೆನಡಾ 1979-80ರಲ್ಲಿ 60,000 ಆಗ್ನೇಯ ಏಷ್ಯನ್ನರನ್ನು ಬರಮಾಡಿಕೊಂಡಿತ್ತು. ಮಾರ್ಟನ್ ಬೈಸರ್ ಎಂಬ ಮನೋವೈದ್ಯರು ವ್ಯಾಂಕೂವರ್‌ನಲ್ಲಿ 1981ರಿಂದ ಅಂಥ 1,348 ಮಂದಿಯನ್ನು ಹತ್ತು ವರ್ಷ ಬೆನ್ನುಹತ್ತಿ ಮಾತನಾಡಿಸಿದರು. ಮೊದಲ ವರ್ಷಗಳಲ್ಲಿ ಹಿಂದಿನದಕ್ಕೆ ಬಾಗಿಲು ಹಾಕಿ, ಇಂದಿನ ದಿನ ನೂಕಿದವರೇ ಆರೋಗ್ಯವಾಗಿದ್ದರು. ವರ್ಷಗಳು ಕಳೆದಂತೆ ಬಾಗಿಲು ತಾನಾಗಿ ತೆರೆಯುತ್ತ ಬಂತು. ಆಗ ಕೈಯಲ್ಲಿ ಕಾಯಂ ಕೆಲಸ, ಮನೆಯಲ್ಲಿ ಜತೆಗಾರರು ಇದ್ದವರು ತಾಳಿಕೊಂಡರು, ಇಲ್ಲದವರು ಕುಸಿದರು. ಮೊದಲ ಮೂರು ವರ್ಷ ನೋಡಿ ಕಡತ ಮುಚ್ಚುವ ವ್ಯವಸ್ಥೆಗೆ ಇದು ಕಾಣುವುದಾದರೂ ಹೇಗೆ?

ನೋವಿಗೆ ವೈದ್ಯಶಾಸ್ತ್ರ ಇಟ್ಟ ಹೆಸರಿನ ಕಥೆಯೂ ವಿಚಿತ್ರ. ಆಘಾತದ ನಂತರದ ಮನೋವ್ಯಾಧಿ, ಪಿಟಿಎಸ್‌ಡಿ, ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ಸೇರಿಸಲು ಹೆಚ್ಚು ಒತ್ತಡ ಬಂದದ್ದು ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕನ್ ಸೈನಿಕರ ಪರವಾಗಿ. ಅದೇ ಯುದ್ಧದ ಹೆಸರಿನಲ್ಲಿ 1969ರಿಂದ 1973ರವರೆಗೆ ಬಾಂಬು ಬಿದ್ದ ಕಾಂಬೋಡಿಯಾದ ಜನರಿಗೂ ಆ ಹೆಸರು ಅನ್ವಯಿಸುತ್ತದೆ ಎಂದು ಕಿಂಜಿಯವರು 13 ರೋಗಿಗಳ ವಿವರದೊಂದಿಗೆ ಬರೆದದ್ದು 1984ರಲ್ಲಿ. ಅಷ್ಟರಲ್ಲಿ ಬಾಸ್ಟನ್ನಿನಲ್ಲಿ ರಿಚರ್ಡ್ ಮೊಲಿಕಾ 1981ರಲ್ಲೇ ನಿರಾಶ್ರಿತರಿಗಾಗಿ ಮನೋವೈದ್ಯ ಕ್ಲಿನಿಕ್ ತೆರೆದಿದ್ದರು. ಅಲ್ಲಿ ಮಕ್ಕಳನ್ನು ದುಭಾಷಿ ಮಾಡಲಿಲ್ಲ. ಅದೇ ಸಮುದಾಯದ ದೊಡ್ಡವರನ್ನು ತರಬೇತು ಮಾಡಿ ವೈದ್ಯರ ಪಕ್ಕದಲ್ಲಿ ಕೂರಿಸಿದರು. ಖ್ಮೇರ್, ಲಾವೋ, ವಿಯೆಟ್ನಾಮೀಸ್ ಭಾಷೆಗಳಲ್ಲಿ ಪ್ರಶ್ನಾವಳಿ ಸಿದ್ಧಪಡಿಸಿದರು. ಹಾರ್ವರ್ಡ್ ಹೆಸರಿನ ಆ ಆಘಾತ ಪ್ರಶ್ನಾವಳಿ 1992ರಲ್ಲಿ ಪ್ರಕಟವಾಯಿತು. ಉಪವಾಸವಿದ್ದಿರಾ, ಮನೆಯವರನ್ನು ಕಳೆದುಕೊಂಡಿರಾ ಎಂದು ಒಂದೊಂದಾಗಿ ಕೇಳುವ ಕಾಗದ. ಕಥೆ ಹೇಳಲಾರದವರು 'ಹೌದು' ಎಂದರೆ ಸಾಕಿತ್ತು. ಒಣ ಕಾಗದವೆಂದು ಕೆಲವರು ಮೂಗು ಮುರಿದರು. ನನಗೆ ಅದರಲ್ಲಿ ದಯೆ ಕಾಣುತ್ತದೆ.

ಬಾಯಿ ಹೇಳದ್ದನ್ನು ದೇಹ ಹೇಳುತ್ತಿತ್ತು. 1980ರ ದಶಕದಲ್ಲಿ ಲಾಂಗ್ ಬೀಚ್ ಸುತ್ತಮುತ್ತ ಸುಮಾರು 150 ಕಾಂಬೋಡಿಯನ್ ಹೆಂಗಸರು, ಹೆಚ್ಚಿನವರು ನಲವತ್ತು ದಾಟಿದವರು, ಕಣ್ಣು ಕಾಣುವುದಿಲ್ಲ ಎಂದು ಬಂದರು. ಪರೀಕ್ಷಿಸಿದರೆ ಕಣ್ಣಿನಲ್ಲಿ ದೋಷವಿಲ್ಲ, ನರದಲ್ಲಿ ದೋಷವಿಲ್ಲ. ನಾಟಕ, ಧನಸಹಾಯಕ್ಕೆ ಹೂಡಿದ ಆಟ ಎಂದವರಿದ್ದರು. ಗ್ರೆಚೆನ್ ವಾನ್ ಬೋಮೆಲ್ ಮತ್ತು ಪ್ಯಾಟ್ರೀಷಿಯಾ ರೊಜೀ ಎಂಬ ಇಬ್ಬರು ಸಂಶೋಧಕಿಯರು ಕೂತು ಕೇಳಿದಾಗ, ಖ್ಮೇರ್ ರೂಜ್ ಕೈಯಲ್ಲೂ ಶಿಬಿರಗಳಲ್ಲೂ ಹೆಚ್ಚು ವರ್ಷ ಕಳೆದವರಲ್ಲೇ ದೃಷ್ಟಿ ಹೆಚ್ಚು ಮಂಕಾಗಿರುವುದು ತಿಳಿಯಿತು. ಗಂಡನನ್ನೋ ಮಗುವನ್ನೋ ಕೊಲ್ಲುವುದನ್ನು ನೋಡಿದವರು ಅವರಲ್ಲಿ ಅನೇಕರು.

ಲೋವೆಲ್‌ನಲ್ಲಿ ನಾನು ಕಂಡದ್ದು ಬೆನ್ನಿನ ಬರೆಗಳು. ಎದೆ ಬಡಿತ, ಕತ್ತು ಹಿಡಿತ, ಕಿವಿಯಲ್ಲಿ ಗುಂಯ್ ಶಬ್ದ ಬಂದರೆ 'ಖ್ಯಲ್' ಏರಿತು ಎನ್ನುತ್ತಿದ್ದರು. ಒಳಗಿನ ಗಾಳಿ ದಾರಿ ತಪ್ಪಿ ಮೇಲಕ್ಕೇರುತ್ತದೆ, ಇಳಿಸದಿದ್ದರೆ ಸಾಯುತ್ತಾರೆ. ವಾಯು ಎಂದು ಬೆಳೆದ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮುಲಾಮು ಹಚ್ಚಿ ನಾಣ್ಯದ ಅಂಚಿನಿಂದ ಬೆನ್ನುಮೂಳೆಯ ಇಕ್ಕೆಲದಲ್ಲೂ ಪಕ್ಕೆಲುಬಿನ ಗುಂಟ ಎಳೆಯುತ್ತಾರೆ. ಕೆಂಪಗೆ ಗೆರೆಗೆರೆ ಏಳುತ್ತದೆ, ಕೆಲವು ದಿನಕ್ಕೆ ಮಾಸುತ್ತದೆ. ಶಾಲೆಯ ನರ್ಸುಗಳು ಮಕ್ಕಳ ಮೈಮೇಲೆ ಇದನ್ನು ಕಂಡು ಹೊಡೆತವೆಂದು ದೂರು ಕೊಟ್ಟದ್ದೂ ಉಂಟು. ಕಿರಾಣಿ ಅಂಗಡಿಯ ಯಜಮಾನಿ ಒಮ್ಮೆ ನನ್ನ ಕತ್ತಿಗೇ ಎಳೆದಳು, ನಮ್ಮ ಹಿಂದಿನ ಕೋಣೆಯಲ್ಲಿ ಇಪ್ಪತ್ತೈದು ಸೆಂಟಿನ ನಾಣ್ಯದಿಂದ. ಉರಿಯಿತು. ಕತ್ತು ಹಗುರವೂ ಆಯಿತು. "ಬಾಂಗ್, ಗುಳಿಗೆ ಕೊಡುವಾಗ ನೀನು ಮುಟ್ಟುವುದಿಲ್ಲ," ಎಂದಳು. ಬಾಂಗ್ ಎಂದರೆ ಅಕ್ಕ.

ಏಪ್ರಿಲ್ ತಿಂಗಳು ಬೇರೆಯೇ. ಅವರ ಹೊಸ ವರ್ಷ ನಮ್ಮ ತುಳುನಾಡಿನ ಬಿಸುವಿನ ಹೊತ್ತಿಗೇ ಬರುತ್ತದೆ. ಕಣಿ ಇಟ್ಟು ಮನೆಯಿಂದ ಹೊರಟವಳಿಗೆ ಊರಿನಲ್ಲೂ ಹಬ್ಬ ಸಿಗುತ್ತಿತ್ತು: ವಿಹಾರದಲ್ಲಿ ಮರಳಿನ ಗುಡ್ಡೆ, ರೇಷ್ಮೆ ಉಟ್ಟ ಅಜ್ಜಿಯರು, ಮಕ್ಕಳ ನೀರಾಟ. ಹಬ್ಬದ ಬೆನ್ನಿಗೇ ಏಪ್ರಿಲ್ 17, ನೊಮ್ ಪೆನ್ ಬಿದ್ದ ದಿನ. ಆ ವಾರ ನಿದ್ದೆ ಗುಳಿಗೆ ಮುಗಿಯಿತೆಂದು ಅವಧಿಗೆ ಮೊದಲೇ ಬರುವವರು ಪ್ರತಿ ವರ್ಷವೂ ಇದ್ದರು. ನಮ್ಮ ಕನ್ನಡ ಕೂಟದವರು ಊರು ಬಿಟ್ಟು ಬಂದ ದುಃಖದ ಭಾವಗೀತೆ ಹಾಡುವಾಗ ನನಗೆ ಈ ಅಜ್ಜಿಯರ ನೆನಪಾಗಿ ಸ್ವಲ್ಪ ಮುಜುಗರವಾಗುತ್ತಿತ್ತು. ಬೇಕೆಂದಾಗ ಟಿಕೆಟ್ ತೆಗೆಸಿ ಊರಿಗೆ ಹೋಗುವವರು ನಾವು.

2000ದ ಹೊತ್ತಿಗೆ ಊರಿನ ಸಮುದಾಯ ಆರೋಗ್ಯ ಕೇಂದ್ರ 'ಮೆತ್ತಾ' ಎಂಬ ಹೆಸರಿನಲ್ಲಿ ಒಂದು ಶಾಖೆ ತೆರೆಯಿತು. ಖ್ಮೇರ್ ಮಾತನಾಡುವ ಸಿಬ್ಬಂದಿ, ಮನೋವೈದ್ಯ ಮತ್ತು ಜ್ವರದ ವೈದ್ಯ ಒಂದೇ ಸೂರಿನಡಿ. ಹುಚ್ಚಿನ ಡಾಕ್ಟರ ಬಾಗಿಲಿಗೆ ಹೋದಳು ಎಂಬ ಮಾತು ಬಾರದಂತೆ ಸಕ್ಕರೆ ಕಾಯಿಲೆಯ ನೆಪದಲ್ಲೇ ಒಳಹೋಗಬಹುದಿತ್ತು. ಚೀಟಿಗಳೂ ಬದಲಾದವು. ರಕ್ತದೊತ್ತಡವೇ ಇಲ್ಲದವರಿಗೆ ಒತ್ತಡದ ಮದ್ದು ಕ್ಲೋನಿಡಿನ್ ಬರೆದದ್ದು ಕಂಡರೆ ಹೊಸ ಫಾರ್ಮಸಿಸ್ಟುಗಳು ವೈದ್ಯರಿಗೆ ಫೋನು ಮಾಡಲು ಹೊರಡುತ್ತಿದ್ದರು. ಅದು ದುಃಸ್ವಪ್ನ ಮತ್ತು ಬೆಚ್ಚಿಬೀಳುವುದಕ್ಕೆ, ಪೋರ್ಟ್‌ಲ್ಯಾಂಡಿನವರು 1989ರಲ್ಲೇ ಬರೆದಿದ್ದಾರೆ ಎಂದು ನಾನು ತಡೆಯುತ್ತಿದ್ದೆ.

2005ರಲ್ಲಿ ಲಾಂಗ್ ಬೀಚಿನ ಸಮೀಕ್ಷೆಯೊಂದು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. 490 ಮಂದಿ ಕಾಂಬೋಡಿಯನ್ ವಯಸ್ಕರನ್ನು ಮನೆಗೆ ಹೋಗಿ ಮಾತನಾಡಿಸಿದ್ದರು. ಬಂದು ಎರಡು ದಶಕ ಕಳೆದ ಮೇಲೂ ಶೇ. 62 ಜನರಲ್ಲಿ ಪಿಟಿಎಸ್‌ಡಿ, ಶೇ. 51 ಜನರಲ್ಲಿ ತೀವ್ರ ಖಿನ್ನತೆ. ಆದಷ್ಟು ಬೇಗ ಹೊಂದಿಕೊಳ್ಳಿ ಎಂದ ದೇಶಕ್ಕೆ ಇಪ್ಪತ್ತು ವರ್ಷದ ಮೇಲೆ ಸಿಕ್ಕ ಉತ್ತರ ಅದು.

ಅದೇ ದೇಶ ಅಷ್ಟರಲ್ಲಿ ಇನ್ನೊಂದು ಕೆಲಸ ಮಾಡಿತ್ತು. 1996ರ ವಲಸೆ ಕಾನೂನು ಗಡಿಪಾರಿಗೆ ಕಾರಣವಾಗುವ ಅಪರಾಧಗಳ ಪಟ್ಟಿಯನ್ನು ಹಿಗ್ಗಿಸಿತು. 2002ರಲ್ಲಿ ಕಾಂಬೋಡಿಯಾ ವಾಪಸು ಕರೆದುಕೊಳ್ಳಲು ಒಪ್ಪಿ ಸಹಿ ಹಾಕಿತು. ಹದಿನೆಂಟರ ವಯಸ್ಸಿನಲ್ಲಿ ಗುಂಪು ಕಟ್ಟಿ ಹೊಡೆದಾಡಿ ಜೈಲಿಗೆ ಹೋಗಿ ಬಂದ ಹುಡುಗರು, ಶಿಕ್ಷೆ ಮುಗಿಸಿ ಮಕ್ಕಳೊಂದಿಗರಾದ ಮೇಲೆ ಗಡಿಪಾರಾದರು. ತಂದೆತಾಯಿ ತಿಳಿಯದೆ ಅವರಿಗೆ ಪೌರತ್ವದ ಅರ್ಜಿ ಹಾಕಿರಲಿಲ್ಲ, ಅಷ್ಟೇ ತಪ್ಪು ದೊಡ್ಡದಾಯಿತು. ಅವರಲ್ಲಿ ಕೆಲವರು ಥಾಯ್ ಶಿಬಿರದಲ್ಲಿ ಹುಟ್ಟಿದವರು, ಕಾಂಬೋಡಿಯಾದಲ್ಲಿ ಒಂದು ದಿನವೂ ಇದ್ದವರಲ್ಲ. 2022ರ ಜನವರಿಯಲ್ಲಿ ಲೋವೆಲ್‌ಗೆ ಸೊಖಾರಿ ಚೌ ಮೇಯರ್ ಆದರು, ಅಮೆರಿಕದ ಮೊತ್ತಮೊದಲ ಕಾಂಬೋಡಿಯನ್ ಮೇಯರ್. ತಂದೆಯನ್ನು ಖ್ಮೇರ್ ರೂಜ್ ಕೊಂದಿತ್ತು, ತಾಯಿ ಏಳು ಮಕ್ಕಳನ್ನು ಉಳಿಸಿ ತಂದಿದ್ದರು. ಊರು ಸಂಭ್ರಮಿಸಿತು, ನಾನೂ ಹೋಗಿ ನಿಂತು ಚಪ್ಪಾಳೆ ತಟ್ಟಿದೆ. ಗಡಿಪಾರಿನ ಕಾಗದಗಳು ಆಗಲೂ ಅದೇ ಬೀದಿಗಳ ಮನೆಗಳಿಗೆ ಬರುತ್ತಿದ್ದವು.

ನಾನು ನಿವೃತ್ತಿಯಾಗುವ ಹೊತ್ತಿಗೆ ಒಬ್ಬ ಯೇಯ್, ಎಪ್ಪತ್ತು ದಾಟಿದ ಅಜ್ಜಿ, ಮೂರು ತಿಂಗಳ ಮದ್ದು ಒಟ್ಟಿಗೆ ಕೇಳುತ್ತಿದ್ದರು. ಅವರ ಮಗನನ್ನು ಗಡಿಪಾರು ಮಾಡಿ ನೊಮ್ ಪೆನ್‌ಗೆ ಕಳಿಸಲಾಗಿತ್ತು. ಅವನಿಗೆ ರಾತ್ರಿ ನಿದ್ದೆಯಿಲ್ಲ, ಖ್ಮೇರ್ ಅಕ್ಷರ ಓದಲು ಬರುವುದಿಲ್ಲ, ಮಾತಾಡಿದರೆ ಅಮೆರಿಕದವನು ಎಂದು ನಗುತ್ತಾರೆ. ತನ್ನ ಗುಳಿಗೆಯಲ್ಲಿ ಅರ್ಧ ಅವನಿಗೆ ಒಯ್ಯುವುದು ಅವರ ಯೋಚನೆ. "ಅದು ಆಗುವುದಿಲ್ಲ ಯೇಯ್, ಇದು ನಿಮ್ಮ ವಯಸ್ಸಿಗೆ ಅಳೆದ ಮದ್ದು," ಎಂದೆ. 1995ರಿಂದ ಅಲ್ಲಿ ಟಿಪಿಒ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಕೆಲಸ ಮಾಡುತ್ತಿದೆ, ಖ್ಮೇರ್ ವೈದ್ಯರೇ ಇದ್ದಾರೆ ಎಂದು ಹೇಳಿ, ಹೆಸರನ್ನು ದಪ್ಪಕ್ಷರದಲ್ಲಿ ಬರೆದುಕೊಟ್ಟೆ. ಅಜ್ಜಿ ಚೀಟಿಯನ್ನು ಪರ್ಸಿಗೆ ಹಾಕಿಕೊಂಡು, ತಮ್ಮ ಗುಳಿಗೆಯ ಡಬ್ಬಿಗಳನ್ನು ಎಣಿಸಿ ನೋಡಿ, ಒಂದು ತಿಂಗಳದ್ದು ಕಡಿಮೆಯಿದೆ ಎಂದು ನನ್ನ ಜತೆ ಜಗಳಕ್ಕೆ ನಿಂತರು.